ಲೂಟಿ, ಠಕ್ಕ ಮತ್ತು ಹಲಗಲಿ

ಇಂಗ್ಲಿಷರ ಆಡುಮಾತಿನಲ್ಲಿ ಕೇಡಿಗನನ್ನು ಬೈಯಲು ‘ಥಗ್’ ಎಂಬ ಪದವಿದೆ. ದೋಚಿ ತಂದ ಮಾಲಿಗೆ ‘ಲೂಟ್’ ಎನ್ನುತ್ತಾರೆ. ಎರಡೂ ಹಿಂದುಸ್ತಾನದ ಪದಗಳು. ಎರಡೂ ಮೊದಲು ಗೋರಾ ಸಿಪಾಯಿಗಳ ಬಾಯಲ್ಲಿ, ಕಚೇರಿಯ ಕಾಗದಗಳಲ್ಲಿ ಓಡಾಡಿ, ಆಮೇಲೆ ಹಡಗೇರಿ ಲಂಡನ್ ಸೇರಿದವು. ‘ಲೂಟ್’ ಸಂಸ್ಕೃತದ ‘ಲುಂಠ್’ ಧಾತುವಿನಿಂದ ಹಿಂದಿಗೆ ಬಂದದ್ದು, ‘ಥಗ್’ ಸಂಸ್ಕೃತದ ‘ಸ್ಥಗ’ದಿಂದ ಬಂದ ‘ಠಗ್’. ಇಷ್ಟನ್ನು ನಿಘಂಟು ಹೇಳುತ್ತದೆ. ಆದರೆ ಈ ಪದಗಳು ಹಡಗೇರುವ ಮುಂಚೆ ಯಾವ ರಸ್ತೆಯಲ್ಲಿ ನಡೆದವು, ಯಾರ ಮನೆಯ ಬಾಗಿಲು ಮುರಿದವು ಎಂಬುದು ನಿಘಂಟಿನಲ್ಲಿಲ್ಲ. ಆ ಕತೆಯ ದೊಡ್ಡ ಪಾಲು ಕರ್ನಾಟಕದ್ದು. ಅದರಲ್ಲೂ ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ನೆಲ ಅದಕ್ಕೆ ಕೊಟ್ಟ ಸಾಕ್ಷ್ಯ ಬೇರೆ ಎಲ್ಲಿಯೂ ಸಿಗುವುದಿಲ್ಲ.

ಜಮಖಂಡಿಯಿಂದ ವಿಜಯಪುರದ ಕಡೆ ಹೊರಟರೆ ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ಸಿಗುತ್ತದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಹಾಕಿ, ತಾವೇ ಕಲ್ಲು ಹೊತ್ತು 1989ರಲ್ಲಿ ಕಟ್ಟಿದ ಶ್ರಮಬಿಂದು ಸಾಗರ ಎಂಬ ಬ್ಯಾರೇಜಿನಿಂದ ಈ ಊರು ನಾಡಿಗೆಲ್ಲ ಗೊತ್ತು. 19ನೇ ಶತಮಾನದಲ್ಲಿ ಈ ಸೀಮೆ ಹತ್ತಾರು ಗಡಿಗಳ ಸೀಮೆಯಾಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರೆ ಅದರ ಮಗ್ಗುಲಿನ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಬಾಗಲಕೋಟೆ, ಕಲಾದಗಿಗಳು ಕಂಪನಿ ಸರಕಾರದ ಕೈಯಲ್ಲಿದ್ದವು. ಕೃಷ್ಣೆಯ ಗುಂಟ ಇನ್ನೂ ಕೆಳಗೆ ಹೋದರೆ ನಿಜಾಮನ ಛತ್ರದಡಿಯ ಸುರಪುರ. ಮನೆಯಲ್ಲಿ ಕನ್ನಡ, ಸಂಸ್ಥಾನದ ದಫ್ತರಿನಲ್ಲಿ ಮೋಡಿ ಲಿಪಿಯ ಮರಾಠಿ, ದಂಡಿನಲ್ಲಿ ದಖ್ಖನಿ, ಸಾಹೇಬರ ಡೇರೆಯಲ್ಲಿ ಇಂಗ್ಲಿಷು. ಒಂದು ಭಾಷೆಯ ಮಾತು ಇನ್ನೊಂದಕ್ಕೆ ಜಿಗಿಯಲು ಇದಕ್ಕಿಂತ ಹದವಾದ ಜಾಗ ಬೇಕಿರಲಿಲ್ಲ.

ಮೊದಲು ‘ಲೂಟ್’ನ ಕತೆ. ಹೈದರಾಲಿಯ ಸೈನ್ಯದಲ್ಲಿ ಸಂಬಳದ ಸವಾರರ ಜೊತೆಗೆ ಶತ್ರುವಿನ ರಸದು ಕಡಿಯುವ, ಹಳ್ಳಿ ಸುಡುವ, ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವ ಹಗುರ ಕುದುರೆ ಪಡೆಯೂ ಇತ್ತು. ಅವರಿಂದ ಕಂಗೆಟ್ಟ ಇಂಗ್ಲಿಷರು ಅವರನ್ನು ‘ಲೂಟಿ’ಗಳು, ‘ಲೂಟಿವಾಲಾ’ಗಳು ಎಂದು ಕರೆದರು. 1780ರ ದಶಕದ ಮೊದಲಲ್ಲಿ ಹೈದರನ ವಿರುದ್ಧ ಕಾದಾಡಿದ ಇನ್ನೆಸ್ ಮನ್ರೋ ಎಂಬ ಅಧಿಕಾರಿ ಬರೆದ ಯುದ್ಧವೃತ್ತಾಂತದಲ್ಲಿ ಮೈಸೂರಿನ ಈ ಸವಾರರಿಗೆ ಇದೇ ಹೆಸರು. 1788ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಹಿಂದುಸ್ತಾನಿ ಪದಗಳ ಒಂದು ಕೈಪಿಡಿ ‘ಲೂಟ್’ ಎಂದರೆ ಕೊಳ್ಳೆ ಎಂದು ಅರ್ಥ ಕೊಟ್ಟಿತು. ಆ ಹೊತ್ತಿಗೆ ಈ ಪದ ಇಂಗ್ಲಿಷರಿಗೆ ಶತ್ರುವಿನ ಕೆಲಸದ ಹೆಸರಾಗಿತ್ತು. ಲೂಟಿ ಮಾಡುವವರು ಹೈದರನವರು, ಮರಾಠರು, ಪಿಂಡಾರಿಗಳು. ತಮ್ಮ ಸೈನ್ಯ ಗೆದ್ದು ತೆಗೆದುಕೊಂಡದ್ದಕ್ಕೆ ಅವರಲ್ಲಿ ಬೇರೆ ಹೆಸರಿತ್ತು. ಅದು ‘ಪ್ರೈಜ್’, ಅಂದರೆ ಯುದ್ಧದ ಇನಾಮು. ಅದನ್ನು ಎಣಿಸಿ ಹಂಚಲು ಸೈನ್ಯದಲ್ಲಿಯೇ ಪ್ರೈಜ್ ಏಜೆಂಟರಿದ್ದರು, ದರ್ಜೆಗೆ ಇಷ್ಟು ಪಾಲು ಎಂಬ ಲೆಕ್ಕವಿತ್ತು.

ಈ ಎರಡು ಹೆಸರುಗಳ ನಡುವಿನ ಗೋಡೆ 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಕುಸಿಯಿತು. ಟಿಪ್ಪು ಸತ್ತಿದ್ದ, ಕೋಟೆ ಬಿದ್ದಿತ್ತು. ಆ ರಾತ್ರಿಯಿಡೀ ಸಿಪಾಯಿಗಳು ಮನೆಮನೆಗೆ ನುಗ್ಗಿದರು. ಮರುದಿನ ಪಟ್ಟಣದ ಹೊಣೆ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ತನ್ನ ಸಿಪಾಯಿಗಳಲ್ಲೇ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿ ಏಟು ಹಾಕಿಸಿದ ಮೇಲೆ ಕೊಳ್ಳೆ ನಿಂತಿತು. ಪಟ್ಟಣದಲ್ಲಿ ದೋಚದೆ ಉಳಿದ ಮನೆ ಇಲ್ಲವೆನ್ನುವಷ್ಟಾಗಿತ್ತೆಂದು ಅವನೇ ತನ್ನ ಅಣ್ಣನಿಗೆ ಬರೆದ. ಅರಮನೆಯ ಒಡವೆಗಳು ಲೆಕ್ಕಕ್ಕೆ ಸೇರಿ ಪ್ರೈಜ್ ಆದವು. ಸಿಪಾಯಿಯ ಜೋಳಿಗೆ ಸೇರಿದ್ದು ಲೂಟಿಯಾಯಿತು. ಇಂಗ್ಲಿಷ್ ಸಿಪಾಯಿಯನ್ನು ಬಾಯಿಗೆ ಹಾಕಿಕೊಂಡ ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋಗಿ, ಇಂದಿಗೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿ ಶುರುವಾಗುವುದೂ ಶ್ರೀರಂಗಪಟ್ಟಣದ ಆ ಕೊಳ್ಳೆಯಿಂದಲೇ. ಇಂಗ್ಲಿಷಿನ ಮೊದಲ ದೊಡ್ಡ ಪತ್ತೇದಾರಿ ಕಾದಂಬರಿ ಎಂದು ಹೆಸರಾದ ಪುಸ್ತಕದ ಬುಡದಲ್ಲಿ ಕಾವೇರಿ ದಂಡೆಯ ಒಂದು ರಾತ್ರಿ ಇದೆ.

ಅದೇ 1799ರಲ್ಲಿ, ಅದೇ ಯುದ್ಧದ ಹಿಂದೆಯೇ ‘ಥಗ್’ನ ಕತೆ ಶುರುವಾಗುತ್ತದೆ. ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಸುತ್ತಮುತ್ತ ನೂರರಷ್ಟು ಜನರ ಗುಂಪೊಂದು ಸೆರೆಸಿಕ್ಕಿತು. ದಾರಿಹೋಕರ ಜೊತೆ ಗೆಳೆತನ ಬೆಳೆಸಿ, ನಾಲ್ಕಾರು ದಿನ ಒಟ್ಟಿಗೆ ನಡೆದು, ಉಂಡು, ಹೊತ್ತು ನೋಡಿ ಕೊರಳಿಗೆ ಬಟ್ಟೆ ಬಿಗಿದು ಕೊಲ್ಲುವವರು ಎಂಬುದು ಅವರ ಮೇಲಿನ ಆರೋಪ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಡಾಕ್ಟರಾಗಿದ್ದ ರಿಚರ್ಡ್ ಶೆರ್‌ವುಡ್ 1816ರಲ್ಲಿ ಇವರ ಮೇಲೆ ಒಂದು ಲೇಖನ ಬರೆದ. ಅವನು ಬಳಸಿದ ಹೆಸರು ‘ಫಾಸಿಗಾರ’, ಅಂದರೆ ಉರುಲು ಹಾಕುವವನು. ಕನ್ನಡ ಮಾತಾಡುವವರು ಇವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದೂ ಅವನು ಗುರುತು ಹಾಕಿಕೊಂಡ. ಉತ್ತರದಲ್ಲಿ ಇಂಥವರನ್ನೇ ಠಗ್ ಎನ್ನುತ್ತಾರೆ ಎಂಬುದು ಅವನ ಲೇಖನದಿಂದ ಇಂಗ್ಲಿಷ್ ಅಧಿಕಾರಿಗಳಿಗೆ ಮನದಟ್ಟಾಯಿತು.

ಕನ್ನಡದ ‘ಠಕ್ಕ’ ಈ ‘ಠಗ್’ನ ನೆಂಟನೇ. ಆದರೆ ಎರಡರ ಸ್ವಭಾವದಲ್ಲಿ ಬಹಳ ಅಂತರ. ನಮ್ಮ ಠಕ್ಕ ಮಾತಿನಲ್ಲಿ ಮರುಳು ಮಾಡುವವನು, ತೂಕದಲ್ಲಿ ಕೈಚಳಕ ತೋರುವವನು, ಮೇಲೊಂದು ಒಳಗೊಂದು ಇರುವವನು. ಮಗು ಕಳ್ಳಾಟ ಆಡಿದರೂ ಅಜ್ಜಿ ‘ಠಕ್ಕ’ ಎಂದು ಮುದ್ದಿನಿಂದಲೇ ಬೈಯುತ್ತಾಳೆ. ಹಿಂದಿಯಲ್ಲೂ ಠಗ್ ಎಂದರೆ ಮೂಲತಃ ಮೋಸಗಾರನೇ. ಆ ಮೋಸಗಾರನನ್ನು ಕೊಲೆಗಾರನಾಗಿ ಮಾಡಿ ಜಗತ್ತಿಗೆ ಪರಿಚಯಿಸಿದ್ದು ಕಂಪನಿಯ ದಫ್ತರ. ಆ ಕೆಲಸದಲ್ಲಿ ಇಬ್ಬರ ಹೆಸರು ಮುಖ್ಯ: ಒಬ್ಬ ವಿಲಿಯಂ ಸ್ಲೀಮನ್, ಇನ್ನೊಬ್ಬ ಫಿಲಿಪ್ ಮೆಡೋಸ್ ಟೇಲರ್.

ಸ್ಲೀಮನ್ ಮಧ್ಯ ಭಾರತದಲ್ಲಿ ಠಗ್ಗರನ್ನು ಹಿಡಿಯುವ ಇಲಾಖೆ ನಡೆಸಿದವನು. 1836ರಲ್ಲಿ ಕಲ್ಕತ್ತೆಯಲ್ಲಿ ಅವನು ‘ರಾಮಸೀಯಾನಾ’ ಎಂಬ ಪುಸ್ತಕ ಪ್ರಕಟಿಸಿದ. ಅದು ಠಗ್ಗರ ಗುಪ್ತ ಭಾಷೆಯ ನಿಘಂಟು. ಮಾಫಿ ಸಾಕ್ಷಿಗಳಾದ ಕೈದಿಗಳನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡದ್ದು. ಅವರ ಮಾತಿನಲ್ಲಿ ‘ಬನಿಜ್’ ಎಂದರೆ ಬಲಿಯಾಗಲಿರುವ ದಾರಿಹೋಕ, ಆ ಪದಕ್ಕೆ ಪೇಟೆಯಲ್ಲಿದ್ದ ಅರ್ಥ ವ್ಯಾಪಾರದ ಸರಕು. ನಂಬಿಸಿ ಕರೆತರುವವನು ‘ಸೋಥಾ’, ಕೊರಳು ಬಿಗಿಯುವವನು ‘ಭುರ್ತೋತ್’. ಕೊಲ್ಲಲು ಕೊಡುವ ಸನ್ನೆ ‘ಝಿರ್ನಿ’. ಆ ಸನ್ನೆ ಬಹಳ ಸಲ ತಂಬಾಕು ಕೇಳುವಂಥ ಸಾದಾ ಮಾತಾಗಿರುತ್ತಿತ್ತು. ಕೆಲಸ ಮುಗಿದ ಮೇಲೆ ಎಲ್ಲರೂ ಕೂತು ದೇವಿಗೆ ಅರ್ಪಿಸಿದ ಬೆಲ್ಲ ತಿನ್ನುವ ‘ತುಪೋನಿ’. ಒಂದು ಕಳ್ಳಭಾಷೆಯನ್ನು ಇಷ್ಟು ವಿವರವಾಗಿ ದಾಖಲಿಸಿದ ಪುಸ್ತಕ ಅಂದಿನ ಹಿಂದುಸ್ತಾನದಲ್ಲಿ ಇನ್ನೊಂದಿರಲಿಲ್ಲ.

ಆದರೆ ಆ ನಿಘಂಟನ್ನು ಓದುವಾಗ ಅದನ್ನು ಹೇಳಿದವರ ಸ್ಥಿತಿ ನೆನಪಿರಬೇಕು. ನಾಲಿಗೆ ಬಿಚ್ಚಿದರೆ ಜೀವ ಉಳಿಯುತ್ತದೆ, ಇಲ್ಲವಾದರೆ ಗಲ್ಲು. ಅದೇ 1836ರಲ್ಲಿ ಬಂದ 30ನೇ ಕಾಯಿದೆ ಪ್ರಕಾರ ಠಗ್ಗರ ಗುಂಪಿಗೆ ಸೇರಿದ್ದೇ ಜೀವಾವಧಿ ಶಿಕ್ಷೆಗೆ ಸಾಕಿತ್ತು, ಯಾವ ಕೊಲೆ ಎಂದು ರುಜುವಾತು ಮಾಡಬೇಕಿರಲಿಲ್ಲ. ದಾರಿಯಲ್ಲಿ ಕೊರಳು ಬಿಗಿದು ಕೊಂದು ದೋಚುವ ಗುಂಪುಗಳಿದ್ದದ್ದು ಸುಳ್ಳಲ್ಲ. ಸತ್ತವರ ಮನೆಯವರಿಗೆ ಅದು ಬರೀ ಕತೆಯಾಗಿರಲಿಲ್ಲ. ಆದರೆ ಬರಗಾಲ, ಚದುರಿಹೋದ ಸೈನ್ಯಗಳು, ಜಮೀನು ಕಳೆದುಕೊಂಡ ಜನ, ಇವೆಲ್ಲದರ ನಡುವೆ ಹುಟ್ಟಿದ ಬೇರೆಬೇರೆ ದರೋಡೆಗಳನ್ನು ದೇಶವ್ಯಾಪಿಯಾದ, ಕಾಳಿಯ ಭಕ್ತರ ಒಂದೇ ಪಂಥವೆಂದು ಕಂಪನಿ ಚಿತ್ರಿಸಿತು ಎಂಬ ವಾದವನ್ನು ಇತ್ತೀಚಿನ ಇತಿಹಾಸಕಾರರು ಬಲವಾಗಿ ಮುಂದಿಟ್ಟಿದ್ದಾರೆ. ಹುಟ್ಟಿನಿಂದಲೇ ಅಪರಾಧಿಗಳಾದ ಜಾತಿಗಳಿವೆ ಎಂಬ ನಂಬಿಕೆ ಇಲ್ಲಿಂದ ಬೇರುಬಿಟ್ಟು, 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಾಗಿ ಬೆಳೆಯಿತು. ಹುಬ್ಬಳ್ಳಿಯ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಆ ಕಾಯಿದೆ ಬಿಟ್ಟುಹೋದ ಗುರುತು.

ಸ್ಲೀಮನ್ನನ ಪುಸ್ತಕ ಅಧಿಕಾರಿಗಳ ಮೇಜಿನ ಮೇಲೆ ಉಳಿಯಿತು. ಪದವನ್ನು ಬೀದಿಗೆ ತಂದವನು ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದು ಹದಿನಾರರ ವಯಸ್ಸಿಗೇ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದ ಹುಡುಗ. ದಖ್ಖನಿ, ಮರಾಠಿ ಕಲಿತ. ಹೈದರಾಬಾದಿನಲ್ಲಿ ಸೆರೆಸಿಕ್ಕ ಠಗ್ಗರ ಹೇಳಿಕೆಗಳನ್ನು ದಿನಗಟ್ಟಲೆ ಕೂತು ಕೇಳಿದ. ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ 1839ರಲ್ಲಿ ಅವನ ಕಾದಂಬರಿ ‘ಕನ್ಫೆಶನ್ಸ್ ಆಫ್ ಎ ಥಗ್’ ಹೊರಬಂತು. ಅಮೀರ್ ಅಲಿ ಎಂಬ ಠಗ್ ತನ್ನ ಕತೆಯನ್ನು ಸಾಹೇಬನಿಗೆ ತಾನೇ ಹೇಳುವ ಪುಸ್ತಕ. ಅದು ಲಂಡನ್ನನ್ನು ಹುಚ್ಚೆಬ್ಬಿಸಿತು. ಪಟ್ಟಕ್ಕೆ ಬಂದು ಎರಡು ವರ್ಷವಾಗಿದ್ದ ವಿಕ್ಟೋರಿಯಾ ರಾಣಿ ಅಚ್ಚಾಗುವ ಮುಂಚೆಯೇ ಕರಡು ಹಾಳೆಗಳನ್ನು ತರಿಸಿಕೊಂಡು ಓದಿದಳು. ಕೆಲವೇ ವರ್ಷಗಳಲ್ಲಿ ‘ಥಗ್’ ಎಂಬುದು ಲಂಡನ್ನಿನ ಕೇಡಿಗನಿಗೂ ಒಪ್ಪುವ ಬೈಗುಳವಾಯಿತು.

ಆ ಟೇಲರ್ 1841ರಲ್ಲಿ ಬಂದು ನಿಂತದ್ದು ಸುರಪುರದಲ್ಲಿ, ಚಿಕ್ಕಪಡಸಲಗಿಯನ್ನು ದಾಟಿ ಹರಿದ ಕೃಷ್ಣೆಯ ಸೀಮೆಯಲ್ಲೇ. ಅಲ್ಲಿ ಆಳುತ್ತಿದ್ದವರು ಬೇಡ ನಾಯಕರು. ಹತ್ತು ವರ್ಷಕ್ಕೂ ಮೇಲೆ ಟೇಲರ್ ಅಲ್ಲಿನ ಆಡಳಿತ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪ ನಾಯಕ ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಇದೆ. ಠಗ್ಗರ ಬಗ್ಗೆ ಜಗತ್ತಿಗೆ ಹೇಳಿದ ಆ ಲೇಖಕನಿಗೆ ಬೇಡರ ಮೇಲೆ ಪ್ರೀತಿ ಇತ್ತು, ಅವರ ಧೈರ್ಯಕ್ಕೆ ಗೌರವವಿತ್ತು. ಆದರೆ ಅವನು ಸೇವೆ ಮಾಡಿದ ಸರಕಾರಕ್ಕೆ ಆಯುಧ ಹಿಡಿದ ಬೇಡನೆಂದರೆ ಬರೀ ಒಬ್ಬ ಅಪಾಯದ ಮನುಷ್ಯ. ಅದು 1857ರಲ್ಲಿ ಸುರಪುರದಿಂದ ದೂರದ ಒಂದು ಸಣ್ಣ ಹಳ್ಳಿಯಲ್ಲಿ ಬಯಲಾಯಿತು.

ಆ ಹಳ್ಳಿ ಹಲಗಲಿ, ಮುಧೋಳ ಸಂಸ್ಥಾನದ್ದು. ಉತ್ತರದಲ್ಲಿ ಸಿಪಾಯಿಗಳು ಬಂಡೆದ್ದ ವರ್ಷ ಸರಕಾರ ಜನರ ಕೈಯ ಆಯುಧ ಕಸಿಯುವ ಕಾಯಿದೆ ತಂದಿತು. ಹಲಗಲಿಯ ಬೇಡರಿಗೆ ಕತ್ತಿ, ಬಂದೂಕು ಹೊಟ್ಟೆಪಾಡು, ಬೇಟೆ, ಊರಕಾವಲು, ಮಾನ ಎಲ್ಲವೂ ಆಗಿತ್ತು. ಕೊಡುವುದಿಲ್ಲ ಎಂದರು. ಹಣಮ, ಬಾಲ, ಜಡಗ, ರಾಮ ಮುಂದಾಳುಗಳು. ನವೆಂಬರ್ ಕೊನೆಗೆ ದಂಡು ಬಂತು, ಅದರಲ್ಲಿ ಕರ್ನಲ್ ಮಾಲ್ಕಮ್‌ನ ದಕ್ಷಿಣ ಮರಾಠಾ ಕುದುರೆ ಪಡೆ ಇತ್ತು. ಊರನ್ನು ಸುತ್ತುಗಟ್ಟಿ ಬೆಂಕಿ ಹಚ್ಚಿದರು. ಹೊರಗೆ ಬಂದವರನ್ನು ಕಡಿದರು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಜನ ನೋಡುತ್ತಿದ್ದಂತೆ ಗಲ್ಲಿಗೇರಿಸಿದರು. ಮರುವರ್ಷ ಫೆಬ್ರುವರಿಯಲ್ಲಿ ಅದೇ ಮಾಲ್ಕಮ್ ಸುರಪುರದ ಮೇಲೆ ಹೋದ. ಟೇಲರನನ್ನು ಅಪ್ಪಾ ಎನ್ನುತ್ತಿದ್ದ ವೆಂಕಟಪ್ಪ ನಾಯಕ ಸೆರೆಸಿಕ್ಕಿ, ಶಿಕ್ಷೆಗೆ ಹೊರಟ ದಾರಿಯಲ್ಲಿ ಗುಂಡೇಟಿನಿಂದ ಸತ್ತ.

ಹಲಗಲಿಯಲ್ಲಿ ಏನಾಯಿತು ಎಂಬುದನ್ನು ಇಂಗ್ಲಿಷ್ ಕಡತಗಳು ಕೆಲವೇ ಸಾಲಿನಲ್ಲಿ ಮುಗಿಸುತ್ತವೆ. ಊರಿನವರ ನೆನಪು ಲಾವಣಿಯಾಗಿ ಉಳಿಯಿತು. ಆ ಲಾವಣಿಯ ಎದೆ ಹಿಂಡುವ ಭಾಗ ಯುದ್ಧದ ವರ್ಣನೆಗಿಂತ ಅದರ ನಂತರದ ಪಟ್ಟಿ. ದಂಡಿನವರು ಎತ್ತಿಕೊಂಡು ಹೋದದ್ದರಲ್ಲಿ ಹೊಲದ ಕೊಡಲಿ ಇದೆ, ಗಡಿಗೆಯ ಬೆಣ್ಣೆ ಇದೆ, ಉಪ್ಪು, ಜೀರಿಗೆ, ಬೆಲ್ಲ ಇದೆ. ಉಣ್ಣುವ ಗಂಗಾಳ, ನೀರಿನ ಚರಗಿ, ಹೆಣ್ಣಿನ ಕೊರಳ ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು ಕೂಡ ಇದೆ. ಶ್ರೀರಂಗಪಟ್ಟಣದ ಲೂಟಿಗೆ ವಜ್ರಗಳ ಲೆಕ್ಕ ಸಿಗುತ್ತದೆ, ಸಿಂಹಾಸನದ ತುಂಡುಗಳ ಲೆಕ್ಕ ಸಿಗುತ್ತದೆ. ಬಡವರ ಊರು ಲೂಟಿಯಾದರೆ ಕಳೆದುಕೊಳ್ಳುವುದು ನಾಳೆಯ ರೊಟ್ಟಿಯ ಹಿಟ್ಟು ಬೀಸುವ ಕಲ್ಲನ್ನು. ಕಟ್ಟಿದ ಲಾವಣಿಕಾರನಿಗೆ ಇದು ಗೊತ್ತಿತ್ತು, ಅದಕ್ಕೇ ಒಂದೊಂದನ್ನೂ ಹೆಸರು ಹಿಡಿದು ಹೇಳಿದ. ಬಾಗಲಕೋಟೆ ಜಿಲ್ಲೆಯ ಇತಿಹಾಸದಲ್ಲಿ ಇದಕ್ಕಿಂತ ಖಚಿತವಾದ ಪಂಚನಾಮೆ ನಾನು ಓದಿಲ್ಲ.

ಹಲಗಲಿ ಉರಿಯುತ್ತಿದ್ದ ಆ ತಿಂಗಳುಗಳಲ್ಲೇ ‘ಲೂಟ್’ ಪದ ಇಂಗ್ಲೆಂಡಿನ ಮನೆಮಾತಾಯಿತು. 1841ರ ಸುಮಾರಿನ ಚೀನಾ ಯುದ್ಧ, ಕ್ರಿಮಿಯಾ ಯುದ್ಧ, 1857–58ರ ದಂಗೆ, ಈ ಮೂರರ ನಡುವೆ ಪದ ತಾಯ್ನಾಡಿನಲ್ಲಿ ನೆಲೆ ಕಂಡಿತು ಎಂದು ಅವರದೇ ನಿಘಂಟುಕಾರರು ಹೇಳುತ್ತಾರೆ. ‘ಟೈಮ್ಸ್’ ಪತ್ರಿಕೆಯ ವರದಿಗಾರ ವಿಲಿಯಂ ಹೊವಾರ್ಡ್ ರಸೆಲ್ 1858ರ ಮಾರ್ಚಿನಲ್ಲಿ ಲಖನೌದ ಕೈಸರ್‌ಬಾಗ್ ಅರಮನೆಯನ್ನು ಸಿಪಾಯಿಗಳು ದೋಚಿದ್ದನ್ನು ಕಣ್ಣಾರೆ ಕಂಡು ಬರೆದ. ಓದುಗರು ಬೆಳಗಿನ ಚಹಾದ ಜೊತೆ ಆ ಪದವನ್ನೂ ಅರಗಿಸಿಕೊಂಡರು. ಹೈದರನ ಸವಾರರ ಮೇಲಿನ ಬೈಗುಳವಾಗಿ ಶುರುವಾದ ಮಾತು, ಅಷ್ಟು ಹೊತ್ತಿಗೆ ತಮ್ಮ ಸಿಪಾಯಿಯ ಗಳಿಕೆಯ ಹೆಸರಾಗಿತ್ತು. ಬರಬರುತ್ತ ಅದರ ಮೊನೆ ಮೊಂಡಾಯಿತು. 20ನೇ ಶತಮಾನದ ಅಮೆರಿಕದ ಆಡುಮಾತಿನಲ್ಲಿ ‘ಲೂಟ್’ ಎಂದರೆ ಬರೀ ದುಡ್ಡು. ಈಗ ಮಕ್ಕಳು ಮೊಬೈಲ್ ಆಟದಲ್ಲಿ ಗೆದ್ದ ಸಾಮಾನಿಗೂ ಅದೇ ಹೆಸರು.

ದಂಡಿನ ಜೊತೆ ಇನ್ನೂ ಹಲವು ಪದಗಳು ಹೋದವು. ಚೌಕಿ ‘ಚೋಕಿ’ಯಾಗಿ ಜೈಲಿಗೆ ಅಡ್ಡಹೆಸರಾಯಿತು. ‘ಖುಷಿ’ ಸುಖದ ನೌಕರಿಗೆ ‘ಕುಷಿ’ಯಾಯಿತು. ‘ವಿಲಾಯತಿ’ ಸಿಪಾಯಿಯ ಬಾಯಲ್ಲಿ ‘ಬ್ಲೈಟಿ’ಯಾಗಿ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಊರಿನ ಹಂಬಲಕ್ಕೆ ಹೆಸರಾಯಿತು. ಹಡಗಿಗೆ ಕಾಯುತ್ತ ನಾಸಿಕದ ಹತ್ತಿರದ ದೇವಳಾಲಿ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದವರಿಗೆ ಹಿಡಿಯುತ್ತಿದ್ದ ಹುಚ್ಚು ‘ಡೂಲ್ಯಾಲಿ ಟ್ಯಾಪ್’. ಅದರ ಕೊನೆಯಲ್ಲಿರುವುದು ನಮ್ಮ ತಾಪವೇ. ಇಂಥ ಪದಗಳನ್ನೆಲ್ಲ ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಒಂದುಗೂಡಿಸಿ 1886ರಲ್ಲಿ ಹೊರಬಂದ ನಿಘಂಟಿಗೆ ‘ಹಾಬ್ಸನ್–ಜಾಬ್ಸನ್’ ಎಂದು ಹೆಸರಿಟ್ಟರು. ಬರ್ನೆಲ್ ಮಂಗಳೂರಿನಲ್ಲಿ ಜಡ್ಜಾಗಿದ್ದು ತುಳುನಾಡಿನ ಭೂತಾರಾಧನೆಯ ಮೇಲೆ ಬರೆದವನು, ಪುಸ್ತಕ ಅಚ್ಚಾಗುವ ಮುಂಚೆ 1882ರಲ್ಲೇ ತೀರಿಕೊಂಡ. ಆ ಹೆಸರಿನ ಮೂಲ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. ಮೊಹರಮ್ಮಿನಲ್ಲಿ ಎದೆ ಬಡಿದುಕೊಂಡು ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದನ್ನು ಗೋರಾ ಸಿಪಾಯಿಗಳು ಕೇಳಿಸಿಕೊಂಡ ಬಗೆ ಅದು. ಜಮಖಂಡಿ, ಮುಧೋಳದ ಹಳ್ಳಿಗಳಲ್ಲಿ ಲಿಂಗಾಯತರು, ಕುರುಬರು, ಬೇಡರು ಎಲ್ಲರೂ ಸೇರಿ ಅಲಾವಿ ಕುಣಿದು ಹೊತ್ತು ತರುವ ದೇವರ ಹೆಸರನ್ನು ಪರದೇಶದವರು ಗದ್ದಲವೆಂದು ತಿಳಿದು ಗೇಲಿಮಾತಾಗಿ ಮಾಡಿಕೊಂಡರು. ಆ ನಿಘಂಟು ದೊಡ್ಡ ವಿದ್ವತ್ತಿನ ಕೆಲಸ, ನಾನು ಅದಕ್ಕೆ ಋಣಿ. ಆದರೆ ಅದರ ಕಿವಿ ಸಾಹೇಬನ ಕಿವಿ.

ಸಾಹೇಬರು ಹೋದ ಮೇಲೂ ಈ ಪದಗಳ ಕೆಲಸ ಮುಗಿದಿಲ್ಲ. 2015ರ ಏಪ್ರಿಲಿನಲ್ಲಿ ಬಾಲ್ಟಿಮೋರ್ ನಗರದಲ್ಲಿ ಪೊಲೀಸರ ವಶದಲ್ಲಿದ್ದ ಕರಿಯ ಯುವಕನೊಬ್ಬ ಸತ್ತು ಗಲಭೆಯಾದಾಗ ಅಧ್ಯಕ್ಷ ಒಬಾಮಾ ಗಲಭೆಕೋರರನ್ನು ಥಗ್ಗರು ಎಂದರು. ಕರಿಯರಿಗೆ ಆ ಮಾತು ಏಟಿನಂತೆ ತಾಗುತ್ತದೆ ಎಂದು ಹಲವರು ಆಕ್ಷೇಪಿಸಿದರು. ಅದಕ್ಕೂ ಎರಡು ದಶಕ ಮೊದಲೇ ಹಾಡುಗಾರ ಟುಪಾಕ್ ಶಕೂರ್ ಆ ಬೈಗುಳವನ್ನು ತನ್ನ ಜನರ ಛಲದ ಹೆಸರಾಗಿ ತಿರುಗಿಸಿ ‘ಥಗ್ ಲೈಫ್’ ಎಂದಿದ್ದ. ಆ ಮಾತು ಸಮುದ್ರ ಸುತ್ತಿ ನಮ್ಮ ಹುಡುಗರ ಮೊಬೈಲಿಗೆ ಬಂತು. 2025ರ ಜೂನಿನಲ್ಲಿ ಅದೇ ಹೆಸರಿನ ತಮಿಳು ಸಿನಿಮಾ ಕನ್ನಡದ ಹುಟ್ಟಿನ ಬಗ್ಗೆ ಕಮಲ್ ಹಾಸನ್ ಆಡಿದ ಮಾತಿನಿಂದಾಗಿ ಕರ್ನಾಟಕದಲ್ಲಿ ತೆರೆ ಕಾಣದೆ ನಿಂತು, ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಜಗಳದ ಗದ್ದಲದಲ್ಲಿ ‘ಥಗ್’ ನಮ್ಮ ‘ಠಕ್ಕ’ನೇ ಎಂದು ನೆನೆಯಲು ಯಾರಿಗೂ ಪುರಸೊತ್ತಿರಲಿಲ್ಲ. 2000ದ ದಶಕದಲ್ಲಿ ಅಮೆರಿಕದವರು ತಮ್ಮ ಕೆಲಸ ಭಾರತಕ್ಕೆ ಹೋದರೆ ‘ಬೆಂಗಳೂರ್ಡ್’ ಆದೆ ಎನ್ನತೊಡಗಿದರು. ಇಲ್ಲಿ ರಾತ್ರಿಪಾಳಿಯಲ್ಲಿ ದುಡಿಯುವ ಮಕ್ಕಳ ಊರು ಅಲ್ಲಿ ಕಳವಿಗೆ ಸಮನಾದ ಕ್ರಿಯಾಪದವಾಯಿತು.

ಇನ್ನೂರು ವರ್ಷಗಳ ಈ ಕತೆಯಿಂದ ನನಗೆ ತಿಳಿದದ್ದು ಒಂದೇ: ಆಡುಮಾತು ಹಗುರವಾಗಿ ಕಂಡರೂ ಅದನ್ನು ಮೊದಲು ಆಡಿದವರ ಕೈಯಲ್ಲಿ ಏನಿತ್ತು ಎಂದು ನೋಡಬೇಕು. ಬಂದೂಕಿದ್ದವರು ಪರರ ಕೆಲಸಕ್ಕೆ ಲೂಟಿ ಎಂದು ಹೆಸರಿಟ್ಟು ತಮ್ಮದಕ್ಕೆ ಇನಾಮು ಎಂದರು, ಪರರಿಗೆ ಠಗ್ ಎಂದು ಹೆಸರಿಟ್ಟು ಕಾಯಿದೆ ಮಾಡಿದರು. ಹೆಸರು ಬಿದ್ದವರ ಮಾತು ದಫ್ತರಿಗೆ ಬರಲಿಲ್ಲ. ಹಲಗಲಿ ಲಾವಣಿ ನಮ್ಮ ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಇದೆ. ‘ಲೂಟ್’ ಪದ ಇಂಗ್ಲಿಷ್ ಪಾಠದಲ್ಲಿ ಬಂದೇ ಬರುತ್ತದೆ. ಈ ಎರಡು ಪಾಠಗಳು ಒಂದೇ ಶಾಲೆಯಲ್ಲಿ, ಬೇರೆಬೇರೆ ಪೀರಿಯಡ್ಡಿನಲ್ಲಿ, ಒಂದನ್ನೊಂದು ಅರಿಯದೆ ನಡೆಯುತ್ತಿವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಮೇಷ್ಟ್ರುಗಳು ಇವೆರಡನ್ನೂ ಒಂದೇ ದಿನ ಕೂಡಿಸಿ ಕಲಿಸಬೇಕು. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಆ ಭಾಷೆಯ ಪದಗಳ ಮೇಲೆ ತಮ್ಮ ಅಜ್ಜ-ಮುತ್ತಜ್ಜರ ಲೆಕ್ಕವೂ ಇದೆ ಎಂಬುದು ಗೊತ್ತಾಗಬೇಕು. ಆಗ ಅವರು ಆ ಭಾಷೆಯನ್ನು ಅಳುಕಿಲ್ಲದೆ, ತಲೆ ಎತ್ತಿ ಆಡುತ್ತಾರೆ.